ಹೆಸರು ಬರೆಯದ ಅಂಗುಳ

ಪ್ರೀತಿಯ ಗಾದಿಲಿಂಗಪ್ಪ ಮಾವ,

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅದನ್ನು ಮುಚ್ಚಿಟ್ಟುಕೊಂಡು ಉಳಿದದ್ದನ್ನು ಬರೆಯಲು ನನ್ನಿಂದಾಗುವುದಿಲ್ಲ. ನೀವು ಬೆಂಕಿಪೊಟ್ಟಣದಲ್ಲಿಟ್ಟು ಕೊಟ್ಟ ಸ್ಕ್ರೂವನ್ನು ನಿಮ್ಮ ಮೊಮ್ಮಗಳ ಬಾಯಿಗೆ ನಾನು ಹಾಕಲಿಲ್ಲ. ಹಾಕುತ್ತೇನೆ ಎಂದು ನಿಮ್ಮ ಕೈ ಹಿಡಿದು ಮಾತು ಕೊಟ್ಟವಳು ನಾನೇ, ಮಾತು ತಪ್ಪಿದವಳೂ ನಾನೇ. ಯಾಕೆ ತಪ್ಪಿದೆ ಎನ್ನುವುದನ್ನು ಪೂರ್ತಿ ಓದಿ, ಆಮೇಲೆ ಬೇಕಾದರೆ ಬೈಯಿರಿ. ಪ್ಲಾಸ್ಟರಿನಲ್ಲಿ ಗುಳ್ಳೆ ಎದ್ದಾಗ ತೆಲುಗಿನಲ್ಲಿ ಬೈಯುತ್ತಿದ್ದಿರಲ್ಲ, ಆ ಬೈಗುಳವಾದರೂ ಸರಿ.

ನೀವು ಮೊದಲ ಸಲ ನನ್ನ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿ ಬಂದದ್ದು ನೆನಪಿದೆಯಾ? ಬೋರ್ಡಿನ ಬಣ್ಣವೇ ಇನ್ನೂ ಸರಿಯಾಗಿ ಒಣಗಿರಲಿಲ್ಲ. ಓರೆಹಲ್ಲು ಸರಿಮಾಡುವ ಓದು ಮುಗಿಸಿ, ಹೆಸರಿನ ಹಿಂದೆ ಮುಂದೆ ಅಕ್ಷರ ಅಂಟಿಸಿಕೊಂಡು ಬಳ್ಳಾರಿಗೆ ಬಂದ ಹೊಸತು. ಒಬ್ಬ ಹುಡುಗಿಯ ಮೇಲ್ದವಡೆಯ ಅಳತೆ ತೆಗೆದು ಕೌಲ್‌ಬಜಾರಿನ ನಿಮ್ಮ ಲ್ಯಾಬಿಗೆ ಕಳಿಸಿದ್ದೆ. ಅದಕ್ಕೆ ಪ್ಲಾಸ್ಟರು ಹೊಯ್ದು, ಒಣಗಿಸಿ, ಆ ಅಚ್ಚನ್ನು ಹಳೇ ಪೇಪರಿನಲ್ಲಿ ಸುತ್ತಿಕೊಂಡು ನೀವೇ ಬಂದಿರಿ. ಉಗುರಿನ ಸಂದಿಯಲ್ಲಿ ಬಿಳಿ ಪುಡಿ, ಹುಬ್ಬಿನ ಮೇಲೂ ಬಿಳಿ ಪುಡಿ. ಕೂಡುವ ಮೊದಲೇ ಕೇಳಿದಿರಿ.

“ಡಾಕ್ಟ್ರವ್ವ, ಈ ಹುಡುಗಿ ಬಾಯಿ ತೆರಕಂಡು ಮಲಗ್ತಾಳೇನ್ರಿ?”

ನನಗೆ ಉರಿದುಹೋಯಿತು. ಪ್ಲಾಸ್ಟರು ಕಲಸುವವರು ನನಗೆ ಪಾಠ ಹೇಳಲು ಬಂದರಲ್ಲ ಎಂದು. “ಯಾಕ್ರಿ?” ಎಂದೆ, ಆದಷ್ಟು ಬಿರುಸಾಗಿ. ನೀವು ಅಚ್ಚನ್ನು ಮಗುಚಿ ಅಂಗುಳದ ಮೇಲೆ ಹೆಬ್ಬೆರಳು ಆಡಿಸುತ್ತ, “ಇದು ಗುಡಿಸಲು ಐತಿ ನೋಡ್ರಿ. ಮ್ಯಾಲ ಎತ್ತರ, ಒಳಗ ಇಕ್ಕಟ್ಟು. ನಾಲಿಗಿ ಕುಂದ್ರಾಕ ಜಾಗ ಇಲ್ಲ, ಪಾಪ” ಎಂದಿರಿ. ನೀವು ಇಳಿದು ಹೋದ ಮೇಲೆ ಆ ಹುಡುಗಿಯ ತಾಯಿಗೆ ಫೋನು ಮಾಡಿದೆ. “ಹೌದ್ರಿ ಮೇಡಂ, ಗೊರಕಿನೂ ಹೊಡೀತಾಳ” ಎಂದಳು. ನೀವು ಸರಿ ಎಂದು ಗೊತ್ತಾದ ಮೇಲೆ ನನ್ನ ಸಿಟ್ಟು ಇನ್ನೂ ಜಾಸ್ತಿಯಾಯಿತು. ಆದರೂ ಮಾರನೇ ದಿನ ನಿಮ್ಮ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದೆ.

ಆ ಕೋಣೆಯಲ್ಲಿ ನೀವು ಹೇಳಿದ ಪಾಠ ಇವತ್ತಿಗೂ ನನ್ನ ಮೂಗಿನಲ್ಲಿದೆ, ಒಗ್ಗರಣೆ ಮಂಡಕ್ಕಿ ಮತ್ತು ಮಿರ್ಚಿಯ ವಾಸನೆಯ ಜೊತೆಗೆ. ಮೂರು ಗೋಡೆಗೂ ಹಲಗೆ, ಹಲಗೆಯ ತುಂಬ ಊರ ಮಂದಿಯ ದವಡೆಗಳು. ನೀವು ಎಣ್ಣೆ ಕೈಯನ್ನು ಪೇಪರಿಗೆ ಒರೆಸಿಕೊಂಡು ನಾಲ್ಕು ಅಚ್ಚು ಇಳಿಸಿ ನನ್ನ ಮುಂದಿಟ್ಟಿರಿ. “ಕಣ್ಣು ಮುಚ್ರಿ. ಹಲ್ಲಿಗೆ ಕೈ ಹಚ್ಚಬ್ಯಾಡ್ರಿ. ಹಲ್ಲು ಸುಳ್ಳು ಹೇಳ್ತಾವ. ಮ್ಯಾಲಿನ ಸೂರು ಹೇಳೋದು ಕೇಳ್ರಿ.” ದೊಡ್ಡ ಕಾಲೇಜಿನಲ್ಲಿ ಓದಿ ಬಂದ ನಾನು ಕೌಲ್‌ಬಜಾರಿನ ಮಾಳಿಗೆಯ ಮೇಲೆ ಕಣ್ಣು ಮುಚ್ಚಿಕೊಂಡು ಯಾರದೋ ಅಂಗುಳ ಸವರುತ್ತ ಕೂತಿದ್ದೆ. ಯಾರಾದರೂ ನೋಡಿದ್ದರೆ ಏನೆನ್ನುತ್ತಿದ್ದರೋ.

ಪುಸ್ತಕದಲ್ಲಿ ನಾನು ಓದಿದ್ದು ಬರೀ ಅಂಕಿ. ಮೇಲೆ ಕೆಳಗೆ ದವಡೆ ಹೊಂದಿಕೊಂಡು ಹಲ್ಲು ಮಾತ್ರ ಒತ್ತೊತ್ತಾಗಿದ್ದರೆ ಒಂದನೇ ಕ್ಲಾಸು, ಮೇಲಿನದು ಮುಂದಿದ್ದರೆ ಎರಡನೆಯದು, ಕೆಳಗಿನದು ಮುಂದಿದ್ದರೆ ಮೂರನೆಯದು. ಎರಡನೆಯದರಲ್ಲಿ ಮತ್ತೆ ಎರಡು ಬಗೆ. ನಿಮಗೆ ಅಂಕಿ ಬೇಕಿರಲಿಲ್ಲ, ಮನೆಗಳು ಸಾಕಿದ್ದವು. ಮುಂದಿನ ಹಲ್ಲು ಹೊರಗೆ ಚಾಚಿದವರದು ಗುಡಿಸಲು, ಕಿರಿದು ಮತ್ತು ಎತ್ತರ. ನಡುವಿನ ಎರಡು ಹಲ್ಲು ಒಳಕ್ಕೆ ಬಾಗಿ, ಅಕ್ಕಪಕ್ಕದವು ಹೊರಗೆ ಇಣುಕುವವರದು ಮಾಳಿಗೆ ಮನೆ. “ಅಗಲ ಐತಿ, ತಗ್ಗು ಐತಿ, ನಾಲಿಗಿ ಕಾಲು ಚಾಚಿ ಮಲಗಬೌದು” ಎಂದಿರಿ. ಕೆಳದವಡೆ ಮುಂದೆ ಬಂದವರದು ಚಪ್ಪಟೆ ಸೂರು, “ಮುಂದಿನ ಪಡಸಾಲಿ ಕಟ್ಟೋದೇ ಮರ್ತಾನ ದೇವ್ರು.” ಬರೀ ಒತ್ತೊತ್ತು ಹಲ್ಲಿನವರದು ಹದವಾದ ಮನೆ, ಮಂದಿ ಮಾತ್ರ ಜಾಸ್ತಿ. ಆ ಸಂಜೆಯೇ ನೀವು ನನಗೆ ಮಾವ ಆದಿರಿ. ಅಲ್ಲಿಯವರೆಗೆ ಗಾದಿಲಿಂಗಪ್ಪನವರು ಆಗಿದ್ದಿರಿ.

ಹಾಗಂತ ನಿಮ್ಮ ಹೆಬ್ಬೆರಳು ಎಂದೂ ತಪ್ಪಲೇ ಇಲ್ಲ ಎಂದು ಬರೆದರೆ ನೀವೇ ನಗುತ್ತೀರಿ. ಕುಡತಿನಿಯ ಆ ಹುಡುಗನ ಅಚ್ಚು ಸವರಿ, ಪಂಥ ಕಟ್ಟಿದವರ ಹಾಗೆ ಗುಡಿಸಲು ಎಂದಿರಿ. ಕೆಳಗಿನ ಅಚ್ಚು ಜೋಡಿಸಿ ನೋಡಿದರೆ ಕೆಳದವಡೆ ಮುಂದೆ! ನನಗೆ ಹಬ್ಬ. ಸೂರಿನ ಎತ್ತರ ಎಲ್ಲರಲ್ಲೂ ಹೆಚ್ಚೂಕಡಿಮೆ ಒಂದೇ ಇರುವುದುಂಟು, ಅಗಲದಲ್ಲೇ ಫರಕು ಕಾಣುವುದು ಹೆಚ್ಚು, ಅಳೆದವರು ಬರೆದಿದ್ದಾರೆ ಎಂದು ದೊಡ್ಡದಾಗಿ ಹೇಳಿದೆ. “ಬರದಾವ್ರು ಎಷ್ಟು ಬಾಯಿ ಸವರ್ಯಾರ?” ಎಂದಿರಿ. “ಅವರು ಸವರೋದಿಲ್ಲ ಮಾವ, ಅಳೀತಾರೆ.” “ಹಂಗಾರ ಅವರ ತಪ್ಪು ಅವ್ರಿಗಿರ್ಲಿ, ನನ್ನ ತಪ್ಪು ನನಗಿರ್ಲಿ” ಎಂದು ಇನ್ನೊಂದು ಮಿರ್ಚಿ ಮುರಿದಿರಿ. ಅವತ್ತು ನಿಮ್ಮ ಯಾವ ತಪ್ಪಿನ ಬಗ್ಗೆ ಹೇಳುತ್ತಿದ್ದಿರೋ, ನನಗೆ ಗೊತ್ತಿರಲಿಲ್ಲ.

ಹೆಸರು ಬರೆಯದೆ ಒಂದು ಅಳತೆ ಕಳಿಸಿದ್ದಕ್ಕೆ ನೀವು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿರಿ, ನೆನಪಿದೆಯಾ? ನಿಮ್ಮ ಲ್ಯಾಬಿನಲ್ಲಿ ಅದೊಂದು ಕಟ್ಟಳೆ. ಪ್ಲಾಸ್ಟರು ಹಸಿಯಿರುವಾಗಲೇ ಅಚ್ಚಿನ ಬುಡದಲ್ಲಿ ಮೊಳೆಯಿಂದ ಹೆಸರು, ತಂದೆಯ ಹೆಸರು, ಊರು ಕೊರೆಯಬೇಕು. “ಬಳ್ಳಾರಿಯಾಗ ಎರ್ರಿಸ್ವಾಮಿ ಅಂತ ಕೂಗಿದ್ರ ಹತ್ತು ಮಂದಿ ತಿರುಗಿ ನೋಡ್ತಾರ. ಅಪ್ಪನ ಹೆಸರು ಇಲ್ಲಂದ್ರ ಯಾವನ ಬಾಯಿ ಯಾವನಿಗೆ ಹೋತು? ಹೆಸರಿಲ್ಲದ ಬಾಯಿ ನನ್ನ ಅಂಗಡ್ಯಾಗ ಇರಂಗಿಲ್ಲ!” ಬೈಸಿಕೊಂಡು ತಲೆ ತಗ್ಗಿಸಿದವಳಿಗೆ ಕಂಡದ್ದು ನಿಮ್ಮ ಸ್ಟೂಲಿನ ಪಕ್ಕದ ಕಿಟಕಿಯ ಕಟ್ಟೆಯ ಮೇಲೊಂದು ಪುಟ್ಟ ಅಚ್ಚು. ಎತ್ತಿ ಬುಡ ನೋಡಿದೆ. ಹೆಸರಿಲ್ಲ. “ಇದು ಯಾರದು ಮಾವ?” ಎಂದರೆ, ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಇದ್ದಲ್ಲೇ ಇಟ್ಟು, “ಹಳೇದು ಬಿಡವ್ವ” ಎಂದಿರಿ. ನಿಮ್ಮ ದನಿ ಅಷ್ಟು ಸಣ್ಣಗಾದದ್ದನ್ನು ಅದೇ ಮೊದಲು ಕೇಳಿದೆ.

ಕುರುಗೋಡಿನ ಬಸ್ಸಿನಲ್ಲಿ ನೀವೇ ಆ ಅಚ್ಚಿನ ಮಾತು ತೆಗೆದಿರಿ. ನಾನು ಅಲ್ಲಿನ ಕ್ಲಿನಿಕ್ಕಿಗೆ ಗುರುವಾರ ಹೋಗುತ್ತಿದ್ದೆ, ನೀವು ನಿಮ್ಮ ಮನೆಗೆ ಹೊರಟಿದ್ದಿರಿ. ಕಿಟಕಿಯಾಚೆ ಮೆಣಸಿನಕಾಯಿ ಹೊಲ ನೋಡುತ್ತ, ನನ್ನ ಕಡೆ ತಿರುಗದೆ ಹೇಳಿದಿರಿ. ನಿಮ್ಮ ಒಬ್ಬಳೇ ಮಗಳು ಹೊನ್ನೂರಮ್ಮನಿಗೆ ಹತ್ತು ವರ್ಷವಿದ್ದಾಗ ಮುಂದಿನ ಹಲ್ಲು ಹೊರಗೆ ಬಂದಿದ್ದವು. ಊರಿಗೆಲ್ಲ ಹಲ್ಲು ಸರಿಮಾಡುವ ಪ್ಲೇಟು ಮಾಡಿಕೊಡುವ ನಾನು ನನ್ನ ಮಗಳನ್ನು ಡಾಕ್ಟರ ಹತ್ತಿರ ಯಾಕೆ ಕರೆದೊಯ್ಯಬೇಕು ಎಂದುಕೊಂಡಿರಿ. ನೀವೇ ಅಳತೆ ತೆಗೆದಿರಿ, ನೀವೇ ಪ್ಲೇಟು ಮಾಡಿದಿರಿ, ಹಲ್ಲಿನ ಮುಂದೆ ತಂತಿ ಹಾಯಿಸಿ ಭಾನುವಾರಕ್ಕೊಮ್ಮೆ ನೀವೇ ಬಿಗಿ ಮಾಡಿದಿರಿ. ಅವಳು ಅತ್ತರೆ, “ಸುಮ್ನಿರು ಹೊನ್ನೂರಿ, ನಾಳೆ ನಗ್ತೀ ಬಿಡು” ಎನ್ನುತ್ತಿದ್ದಿರಂತೆ.

“ಹಲ್ಲು ಒಳಗ ಹೋದ್ವವ್ವ. ವರ್ಷದಾಗ ಹೋದ್ವು. ಕುರುಗೋಡು ಮಂದೆಲ್ಲ ಬಂದು ನೋಡಿದ್ರು. ಪ್ಲೇಟ್ ತಗದ ಮ್ಯಾಲ ವಾಪಸ್ ಬಂದ್ವು, ಒಂದರ ಮ್ಯಾಲ ಒಂದು ಹತ್ತಿ ಬಂದ್ವು. ನಾನು ಹಲ್ಲು ನೋಡಿದ್ದೆ, ಸೂರು ನೋಡಿದ್ದಿಲ್ಲ. ಅಷ್ಟು ಇಕ್ಕಟ್ಟಿನಾಗ ನಾಲಿಗಿ ಎಲ್ಲಿಗೆ ಹೋಗಬೇಕವ್ವ? ಮೊದಲು ಸೂರು ಅಗಲ ಮಾಡಬೇಕಿತ್ತು. ನನಗ ಅದು ತಿಳಿಯೋದ್ರಾಗ ಆಕಿ ದೊಡ್ಡಾಕಿ ಆಗಿದ್ಲು, ಸೂರು ಗಟ್ಟಿ ಆಗಿತ್ತು.” ಅವಳು ನಗುವಾಗ ಬಾಯಿಗೆ ಸೆರಗು ಹಿಡಿಯುವುದನ್ನು ಕಲಿತಳು, ಮದುವೆಯ ಫೋಟೋದಲ್ಲೂ ತುಟಿ ಬಿಚ್ಚಿಲ್ಲ ಎಂದಿರಿ. ಹಬ್ಬಕ್ಕೆ ಬರುತ್ತಾಳೆ, ಉಂಡು ಹೋಗುತ್ತಾಳೆ, ಮಾತು ಅಷ್ಟಕ್ಕಷ್ಟೆ ಎಂದಿರಿ. ಬಸ್ಸು ನಿಂತಿತು. ನಿಮ್ಮ ಚೀಲ ಇಳಿಸಿಕೊಟ್ಟು ನಾನು ಕ್ಲಿನಿಕ್ಕಿನ ದಾರಿ ಹಿಡಿದೆ.

ನೀವು ಬೆಂಕಿಪೊಟ್ಟಣ ಕೊಟ್ಟ ದಿನ ನಿಮ್ಮ ಮುಖದಲ್ಲಿ ಏನೋ ಹುರುಪಿತ್ತು. ಒಳಗೆ ಹತ್ತಿ, ಹತ್ತಿಯೊಳಗೆ ಹೊಸ ಸ್ಕ್ರೂ, ಜೊತೆಗೆ ತಂತಿಯ ಕೀಲಿ. ಪ್ಲೇಟನ್ನು ನಡುವೆ ಸೀಳಿ ಅದನ್ನು ಕೂರಿಸಿ, ಆಗಾಗ ಕೀಲಿ ತಿರುಗಿಸುತ್ತ ಹೋದರೆ ಮಕ್ಕಳ ಅಂಗುಳ ನಿಧಾನಕ್ಕೆ ಅಗಲವಾಗುತ್ತದೆ. “ಹೊನ್ನೂರಿ ಮಗಳು ಭೂಮಿಕಾಗ ಎಂಟು ಮುಗೀತು. ಅದೇ ಹಲ್ಲು, ಅವರವ್ವಂದೇ ತಂದು ಕುಂದ್ರಿಸಿದಂಗ. ಅಂಗುಳ ಇನ್ನ ಹಸಿ ಐತಿ. ನನ್ನ ಕೈಲಿ ಆಕಿ ಮಾಡಿಸಿಕೊಳ್ಳಲ್ಲ, ನೀವು ಮಾಡ್ರಿ” ಎಂದಿರಿ. ಮೊಬೈಲಿನಲ್ಲಿ ಕೂಸಿನ ಫೋಟೋ ತೋರಿಸಿದಿರಿ. ಬೆರಳಿನ ಸಂದಿಯಿಂದ ಹೊರಗೆ ಇಣುಕುವ ಎರಡು ಹಲ್ಲು. ಹೌದು, ತಾಯಿಯ ಹಲ್ಲೇ, ಎಂದೆ ನಾನು. ಹಲ್ಲು ನೋಡಬೇಡ ಎಂದು ಕಲಿಸಿದವರೂ ಹಲ್ಲನ್ನೇ ನೋಡಿದ್ದಿರಿ, ಕಲಿತವಳೂ ಹಲ್ಲನ್ನೇ ನೋಡಿದ್ದೆ.

ಅದಾದ ಎಂಟೇ ದಿನಕ್ಕೆ ನಿಮ್ಮ ಎದೆಬಡಿತ ನಿಂತಿತೆಂದು ಫೋನು ಬಂತು. ಕುರುಗೋಡಿನ ನಿಮ್ಮ ಮನೆಯ ಅಂಗಳದಲ್ಲಿ ನಿಮ್ಮನ್ನು ಕೂರಿಸಿದ್ದರು. ಬಾಯಿ ಬೀಳದಂತೆ ಗದ್ದಕ್ಕೆ ಬಟ್ಟೆ ಕಟ್ಟಿದ್ದರು. ಊರ ದವಡೆಗಳನ್ನೆಲ್ಲ ಜೋಡಿಸಿದವರ ದವಡೆಗೆ ಬಟ್ಟೆಯ ಗಂಟು... ಮಾವ, ನಾನು ಜನರ ನಡುವೆ ನಿಂತು, ಮೂಗು ಒರೆಸಿಕೊಂಡು ಅತ್ತುಬಿಟ್ಟೆ.

ಮೂರನೆಯ ದಿನ ನಾನು ಮಾಡಿದ ಕೆಲಸಕ್ಕೆ ನೀವಿದ್ದಿದ್ದರೆ ತಲೆಗೊಂದು ಮೊಟಕುತ್ತಿದ್ದಿರಿ. ಮಾತು ಕೊಟ್ಟಿದ್ದೆನಲ್ಲ, ಅದೊಂದೇ ತಲೆಯಲ್ಲಿ. ಅತ್ತು ಕಣ್ಣು ಊದಿಸಿಕೊಂಡು ಕೂತಿದ್ದ ಹೊನ್ನೂರಮ್ಮನ ಪಕ್ಕ ಕೂತು, “ಭೂಮಿಕಾಗೊಂದು ಪ್ಲೇಟು ಹಾಕಬೇಕಂತ ಮಾವ ಹೇಳಿದ್ದರು” ಎಂದುಬಿಟ್ಟೆ. ಹೊತ್ತು ಗೊತ್ತು ಬೇಡವೇ? ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡೇ ಹೇಳಿದಳು, “ನಮ್ಮಪ್ಪಂದು ಒಂದು ಪ್ಲೇಟ್ ಸಾಕ್ರಿ ಈ ಜನ್ಮಕ್ಕ. ನನ್ನ ಮಗಳ ಬಾಯಿಗೆ ಯಾರೂ ಕೈ ಹಚ್ಚಬ್ಯಾಡ್ರಿ.”

ಆಮೇಲೆ ಸಿರುಗುಪ್ಪದ ಅವಳ ಮನೆಗೆ ನಾನು ಎಷ್ಟು ಸಲ ಹೋದೆನೋ. ಅಲ್ಲಿನ ಕ್ಲಿನಿಕ್ಕಿಗೆ ಬುಧವಾರ ಹೋಗುತ್ತೇನಲ್ಲ, ಅದು ಮುಗಿದ ಮೇಲೆ ಅವಳ ಗಂಡ ಎರ್ರಿಸ್ವಾಮಿ ದುಡಿಯುವ ಅಕ್ಕಿ ಗಿರಣಿ ದಾಟಿ ಅವರ ಓಣಿಗೆ ತಿರುಗುತ್ತಿದ್ದೆ. ಚಹ ಕೊಡುತ್ತಿದ್ದಳು, ಗದ್ದೆಯ ಮಾತು ಕಾಲುವೆ ನೀರಿನ ಮಾತು ಎಲ್ಲ ಆಡುತ್ತಿದ್ದಳು. “ಚಾ ಕುಡೀರಿ ಡಾಕ್ಟರೇ, ಅದೊಂದು ಮಾತು ಬ್ಯಾಡ.” ಭೂಮಿಕಾ ಬಾಗಿಲ ಮರೆಯಿಂದ ನೋಡಿ ನಗುತ್ತಿದ್ದಳು, ಅಂಗೈಯಿಂದ ಬಾಯಿ ಪೂರ್ತಿ ಮುಚ್ಚಿಕೊಂಡು. ಸಾಲೆಯಲ್ಲಿ ಎದ್ದು ನಿಂತು ಪಾಠ ಓದು ಎಂದರೆ ಈಗೀಗ ಓದುವುದಿಲ್ಲವಂತೆ, ಉಬ್ಬುಹಲ್ಲಿ ಎನ್ನುತ್ತಾರಂತೆ ಹುಡುಗರು. ಇದನ್ನು ಹೇಳಿದ್ದು ಎರ್ರಿಸ್ವಾಮಿ, ಗೇಟಿನವರೆಗೆ ಕಳಿಸಲು ಬಂದಾಗ, ಹೆಂಡತಿಗೆ ಕೇಳಿಸದ ಹಾಗೆ. ಎಂಟು ಮುಗಿದು ಒಂಬತ್ತೂ ಅರ್ಧವಾಯಿತು. ನನಗೆ ದಿನಗಳು ಕೈಯಿಂದ ಜಾರುತ್ತಿದ್ದವು, ಅವಳಿಗೆ ಹೇಗೆ ಹೇಳುವುದು?

ಮೊನ್ನೆ ಬೇಸಿಗೆ ಶುರುವಾಗುವ ಹೊತ್ತಿಗೆ ನಿಮ್ಮ ಲ್ಯಾಬಿನ ಕೋಣೆ ಖಾಲಿ ಮಾಡಬೇಕಾಗಿ ಬಂತು. ಮನೆಯ ಯಜಮಾನರು ಕಟ್ಟಡ ಕೆಡವಿ ಹೊಸದು ಕಟ್ಟುತ್ತಾರಂತೆ. ಹೊನ್ನೂರಮ್ಮ ಸಿರುಗುಪ್ಪದಿಂದ ಬಂದಳು, ನಾನೂ ಸೆರಗು ಕಟ್ಟಿ ನಿಂತೆ. ಹಳೆಯ ಅಚ್ಚುಗಳನ್ನು ಅವಳು ಒಂದೊಂದಾಗಿ ಎತ್ತಿ ಗೋಣಿಚೀಲಕ್ಕೆ ಹಾಕುತ್ತಿದ್ದಳು, ಬುಡದ ಹೆಸರು ಓದಿ ಓದಿ. ಕೊಳಗಲ್ಲು, ಹಚ್ಚೊಳ್ಳಿ, ಕುಡತಿನಿ ಎಂದು ಊರು ಹೇಳುತ್ತಿದ್ದಳು. ಕಿಟಕಿಯ ಕಟ್ಟೆಗೆ ಬಂದಳು. ನಾನು ತಡೆಯಬೇಕೋ ಬಿಡಬೇಕೋ ತಿಳಿಯದೆ ಕೈಯಲ್ಲಿ ಪೊರಕೆ ಹಿಡಿದುಕೊಂಡು ನಿಂತುಬಿಟ್ಟೆ. ಅವಳು ಬುಡ ನೋಡಿದಳು, ಹೆಸರಿಲ್ಲ. ಮಗುಚಿದಳು.

“ಇದು ನಂದು” ಎಂದಳು.

ಮುಂದಿನ ಎಡಗಡೆಯ ಹಲ್ಲಿನ ಮೂಲೆ ಚೂರು ಮುರಿದಿತ್ತು. ಕುರುಗೋಡಿನ ಗುಡ್ಡದ ಬಂಡೆಯ ಮೇಲೆ ಜಾರಿ ಬಿದ್ದು ಮುರಿದುಕೊಂಡ ಹಲ್ಲು, ಈಗಲೂ ಅವಳ ಬಾಯಲ್ಲಿದೆ. ಅವಳು ಅಚ್ಚನ್ನು ಬೆಳಕಿಗೆ ಹಿಡಿದಳು. ಹಲ್ಲುಗಳೆಲ್ಲ ಧೂಳು ಹಿಡಿದು ಮಂಕಾಗಿದ್ದವು, ಅಂಗುಳ ಮಾತ್ರ ಎಣ್ಣೆ ಹಚ್ಚಿದಂತೆ ಹಳದಿಯಾಗಿ ಹೊಳೆಯುತ್ತಿತ್ತು. ಅಂಗುಳದ ಮುಂಭಾಗದಲ್ಲಿ ಎಲ್ಲರಿಗೂ ಇರುವ ಗೆರೆಗಳು ಅದರಲ್ಲಿ ಇರಲೇ ಇಲ್ಲ, ಸವೆದುಹೋಗಿದ್ದವು. “ಇದನ್ನ ಯಾರು ಇಷ್ಟು ತಿಕ್ಯಾರ?” ಎಂದು ಕೇಳಿದಳು. ನಿಮ್ಮ ಸ್ಟೂಲನ್ನು ತೋರಿಸಿದೆ. ಅದರಲ್ಲಿ ಕೂತರೆ ಎಡಗೈ ಸರಿಯಾಗಿ ಆ ಕಟ್ಟೆಗೆ ಹೋಗುತ್ತದೆ. ನಾನು ನೋಡಿದ್ದೆ ಮಾವ. ನೀವು ಯಾರ ಜೊತೆಗಾದರೂ ಮಾತಾಡುವಾಗ ನಿಮ್ಮ ಎಡಗೈ ಆ ಅಚ್ಚಿನ ಮೇಲಿರುತ್ತಿತ್ತು, ನಿಮಗೇ ಗೊತ್ತಿಲ್ಲದ ಹಾಗೆ. ಅದನ್ನೇ ಅವಳಿಗೆ ಹೇಳಿದೆ. ಬಸ್ಸಿನಲ್ಲಿ ನೀವು ಹೇಳಿದ್ದನ್ನೂ ಹೇಳಿದೆ, ನೀವು ಹೇಳಿದ ಮಾತುಗಳಲ್ಲೇ.

ಹೊನ್ನೂರಮ್ಮ ನಿಮ್ಮ ಸ್ಟೂಲಿನ ಮೇಲೆ ಕೂತಳು. “ಅಷ್ಟು ವರ್ಷ ಒಂದು ಮಾತು ಹೇಳಲಿಲ್ಲ ನೋಡ್ರಿ ನನಗ. ತಪ್ಪಾತು ಹೊನ್ನೂರಿ ಅಂದಿದ್ರ ನಾನೇನು ಅಪ್ಪನ್ನ ನುಂಗ್ತಿದ್ನಾ?” ಎಂದಳು. ಆಮೇಲೆ, “ನಾನೂ ಕೇಳಲಿಲ್ಲ ಬಿಡ್ರಿ” ಎಂದು ಅವಳೇ ಹೇಳಿಕೊಂಡಳು. ಅಚ್ಚನ್ನು ಗೋಣಿಚೀಲಕ್ಕೆ ಹಾಕಲಿಲ್ಲ, ಸೆರಗಿನಲ್ಲಿ ಸುತ್ತಿಕೊಂಡಳು. ಮೆಟ್ಟಿಲು ಇಳಿಯುವಾಗ ಹಿಂದೆ ತಿರುಗದೆ, “ಬುಧವಾರ ಬ್ಯಾಡ್ರಿ, ಸೋಮವಾರ ಸಾಲಿ ರಜಾ ಐತಿ, ಬಳ್ಳಾರಿಗೇ ಕರ್ಕಂಡು ಬರ್ತೀನಿ” ಎಂದಳು. ಯಾರನ್ನು ಎಂದು ನಾನು ಕೇಳಲಿಲ್ಲ.

ಆ ಸೋಮವಾರ ಭೂಮಿಕಾ ನನ್ನ ಕುರ್ಚಿಯಲ್ಲಿ ಕೂತು ಬಾಯಿ ತೆರೆದಳು. ಈಗ ನನ್ನಲ್ಲಿ ಅಳತೆಗೆ ಕ್ಯಾಮೆರಾ ಬಂದಿದೆ ಮಾವ, ಬಾಯೊಳಗೆ ಆಡಿಸಿದರೆ ಸಾಕು, ಅಂಗುಳದ ಎತ್ತರ ತಗ್ಗು ಬಣ್ಣಬಣ್ಣವಾಗಿ ಪರದೆಯ ಮೇಲೆ ಮೂಡುತ್ತದೆ. ಪ್ಲಾಸ್ಟರಿನ ಕೆಲಸವೇ ಇಲ್ಲ. ಆದರೂ ಈ ಕೂಸಿಗೆ ಹಳೆಯ ರೀತಿಯಲ್ಲೇ ಅಳತೆ ತೆಗೆದು, ನಾನೇ ಪ್ಲಾಸ್ಟರು ಕಲಸಿದೆ. ಎರಡು ಗುಳ್ಳೆ ಎದ್ದವು, ಬೈಯಲು ನನಗೆ ತೆಲುಗು ಸಾಲಲಿಲ್ಲ. ಬೆಂಕಿಪೊಟ್ಟಣ ಮೇಜಿನ ಮೇಲೆ ತೆರೆದೇ ಇತ್ತು. ಅಚ್ಚು ಬಿಡಿಸಿ ಮಗುಚಿ, ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಹೆಬ್ಬೆರಳು ಇಟ್ಟೆ.

ಮಾಳಿಗೆ ಮನೆ!

ಅಗಲ, ತಗ್ಗು. ನಾಲಿಗೆ ಕಾಲು ಚಾಚಿ ಮಲಗುವಂಥದ್ದು. ಕಣ್ಣು ತೆರೆದು, ತಾಯಿಯ ಹಲ್ಲೇ ಎಂದು ಅಲ್ಲಿಯವರೆಗೆ ಗಮನಿಸದೆ ಬಿಟ್ಟಿದ್ದ ಹಲ್ಲುಗಳನ್ನು ಸರಿಯಾಗಿ ನೋಡಿದೆ. ಹೊರಗೆ ಇಣುಕುತ್ತಿದ್ದದ್ದು ನಡುವಿನ ಎರಡಲ್ಲ, ಅವುಗಳ ಅಕ್ಕಪಕ್ಕದವು. ನಡುವಿನವು ಒಳಕ್ಕೆ ಬಾಗಿದ್ದವು, ಅಂಗೈ ಮರೆಯಲ್ಲಿ ನಮಗ್ಯಾರಿಗೂ ಅದು ಕಂಡಿರಲೇ ಇಲ್ಲ. ಹೆಬ್ಬೆರಳನ್ನೇ ನಂಬಿ ಕೂರಲಿಲ್ಲ, ಕುಡತಿನಿಯ ಹುಡುಗನ ನೆನಪಿತ್ತು. ಕೆಳಗಿನ ಅಚ್ಚು ಜೋಡಿಸಿದೆ, ಅಳೆದೆ, ಕ್ಯಾಮೆರಾದಲ್ಲೂ ನೋಡಿದೆ. ಎಲ್ಲವೂ ಒಂದೇ ಮಾತು ಹೇಳಿದವು. ಮಾವ, ನಿಮ್ಮ ಸ್ಕ್ರೂ ಹಾಕಿದ್ದರೆ ಅಗಲವಿದ್ದದ್ದನ್ನೇ ಇನ್ನೂ ಅಗಲ ಮಾಡಿ ಕೂಸಿನ ಬಾಯಿ ಕೆಡಿಸುತ್ತಿದ್ದೆವು. ಆ ಕೂಸಿನ ಮುಖದಲ್ಲಿ ನೀವು ನೋಡುತ್ತಿದ್ದದ್ದು ಹೊನ್ನೂರಮ್ಮನನ್ನು. ನಿಮ್ಮ ಪ್ರೀತಿ ಎರಡನೇ ಸಲ ಅದೇ ತಪ್ಪು ಮಾಡಲು ಹೊರಟಿತ್ತು, ನೀವು ಕಲಿಸಿದ ಪಾಠವೇ ಅದನ್ನು ತಡೆಯಿತು. ಇದನ್ನು ಯಾರ ಲೆಕ್ಕಕ್ಕೆ ಬರೆಯಲಿ? ಎರಡೂ ನೀವೇ.

ಹೊನ್ನೂರಮ್ಮ ತನ್ನ ಹಳೆಯ ಅಚ್ಚನ್ನೂ ತಂದು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. “ನನ್ನಂಗೇ ಐತಲ್ರಿ?” ಎಂದಳು. ಉತ್ತರ ಹೇಳದೆ ಎರಡು ಅಚ್ಚನ್ನೂ ಅವಳ ಎರಡು ಕೈಯಲ್ಲಿಟ್ಟು, “ಕಣ್ಣು ಮುಚ್ಚು, ಹೆಬ್ಬೆರಳು ಇಡು” ಎಂದೆ. ಒಂದರಲ್ಲಿ ಬೆರಳು ಇಳಿದುಹೋಯಿತು, ಇನ್ನೊಂದರಲ್ಲಿ ಹಾಯಾಗಿ ಹರಡಿಕೊಂಡಿತು. ಮತ್ತೆ ಮುಟ್ಟಿದಳು, ಮತ್ತೆ. “ಇದು ನಂದರಂಗ ಇಲ್ಲ” ಎಂದಳು. “ಇಲ್ಲ” ಎಂದೆ. “ಈಕಿ ನಾನಲ್ಲ.” “ಅಲ್ಲ.” ಅವಳಿಗೆ ನಗು ಬಂತು. ಅಳುವೂ ಜೊತೆಗೇ ಬಂದು, ಎರಡೂ ಕೈಯಲ್ಲಿ ಅಚ್ಚು ಇದ್ದದ್ದರಿಂದ ಸೆರಗು ಹಿಡಿಯಲು ಆಗಲಿಲ್ಲ. ಬಾಯಿ ತುಂಬ ನಕ್ಕಳು. ಮುರಿದ ಮೂಲೆ, ಒಂದರ ಮೇಲೊಂದು ಹತ್ತಿದ ಹಲ್ಲು, ಎಲ್ಲ ಕಂಡವು. ಎಷ್ಟು ಚೆಂದ ನಗುತ್ತಾಳೆ ಮಾವ ನಿಮ್ಮ ಮಗಳು! ಭೂಮಿಕಾ ತಾಯಿಯ ಬಾಯನ್ನೇ ನೋಡುತ್ತಿದ್ದಳು, ಯಾರದೋ ಹೊಸ ಮುಖ ನೋಡಿದ ಹಾಗೆ.

ಈಗ ಕೂಸಿನ ಬಾಯಲ್ಲಿ ಪ್ಲೇಟಿದೆ. ಅವಳ ತಾಯಿಗೆ ನೀವು ಹೊರಗಿನಿಂದ ತಂತಿ ಬಿಗಿದಿರಿ, ನಾನು ಒಳಗಿನಿಂದ ಸಣ್ಣ ಸ್ಪ್ರಿಂಗು ಇಟ್ಟು ಬಾಗಿದ ಎರಡು ಹಲ್ಲನ್ನು ಮುಂದಕ್ಕೆ ತಳ್ಳುತ್ತಿದ್ದೇನೆ. ಅವು ದಾರಿ ಬಿಟ್ಟ ಮೇಲೆ ಕೆಳದವಡೆಯ ಕೆಲಸ, ಇನ್ನೂ ವರ್ಷಗಳ ಹಾದಿ. ಬರುವ ಬುಧವಾರಗಳನ್ನೆಲ್ಲ ಅವಳಿಗೇ ಬರೆದುಕೊಟ್ಟಿದ್ದೇನೆ, ಈ ಮಾತು ತಪ್ಪುವುದಿಲ್ಲ. ಹೋದ ವಾರ ಸಾಲೆಯಲ್ಲಿ ಎದ್ದು ನಿಂತು ಒಂದು ಪುಟ ಓದಿದಳಂತೆ, ಪ್ಲೇಟಿನಿಂದ ಎಂಜಲು ಸಿಡಿದು ಮುಂದಿನ ಬೆಂಚಿನವಳು ಜಗಳಕ್ಕೆ ಬಂದಳಂತೆ. ನಿಮ್ಮ ಸ್ಕ್ರೂವೂ ಹೋದ ವಾರವೇ ಡ್ರಾದಿಂದ ಹೊರಬಿತ್ತು. ಹಚ್ಚೊಳ್ಳಿಯ ಒಬ್ಬ ಹುಡುಗಿಯದು ಹೊನ್ನೂರಮ್ಮನದೇ ಗುಡಿಸಲು, ಅಷ್ಟೇ ಎತ್ತರ, ಅಷ್ಟೇ ಇಕ್ಕಟ್ಟು. ಅವಳ ಪ್ಲೇಟಿನಲ್ಲಿ ಅದನ್ನು ಕೂರಿಸಿದೆ. ಕೀಲಿ ತಿರುಗಿಸುವುದನ್ನು ನನ್ನಿಂದ ಕಲಿತು, ಆ ಹುಡುಗಿಯ ತಾಯಿಗೆ ತೋರಿಸಿಕೊಡಲು ನಿಮ್ಮ ಮಗಳೇ ಕೂತಿದ್ದಳು.

ಒಂದು ಸುದ್ದಿ ಉಳಿಸಿಕೊಂಡಿದ್ದೇನೆ. ಆ ಸೋಮವಾರ, ಭೂಮಿಕಾಳ ಅಚ್ಚು ಇನ್ನೂ ಹಸಿಯಿರುವಾಗಲೇ ನಿಮ್ಮ ಕಟ್ಟಳೆಯಂತೆ ಬುಡದಲ್ಲಿ ಮೊಳೆಯಿಂದ ಕೊರೆದಿದ್ದೆ, ಭೂಮಿಕಾ, ತಂದೆ ಎರ್ರಿಸ್ವಾಮಿ, ಸಿರುಗುಪ್ಪ. ಹೊನ್ನೂರಮ್ಮ ಹೊರಡುವ ಮೊದಲು ಅದನ್ನು ಓದಿದಳು. ತನ್ನ ಅಚ್ಚನ್ನು ಮಗುಚಿ ಖಾಲಿ ಬುಡ ನೋಡಿದಳು. “ನಮ್ಮಪ್ಪ ಎಲ್ಲಾರ ಹೆಸರೂ ಬರದಾನ, ನಂದು ಯಾಕ ಬರೀಲಿಲ್ಲ?” ಎಂದಳು. ಬರೆಯಲು ಕೈ ಬರಲಿಲ್ಲವೇನೋ ಎಂದೆ. ಮೊಳೆ ಕೇಳಿ ಇಸಿದುಕೊಂಡಳು. ಅಷ್ಟು ಹಳೆಯ ಪ್ಲಾಸ್ಟರು ಕಲ್ಲಿನಂತಾಗಿತ್ತು, ಒಂದೊಂದು ಅಕ್ಷರಕ್ಕೂ ಹತ್ತು ಸಲ ಗೀರಬೇಕಿತ್ತು. ನಾನು ಕೊರೆದುಕೊಡುತ್ತೇನೆ ಎಂದರೆ ಕೊಡಲಿಲ್ಲ. ಮಗಳು ಕುರ್ಚಿಯಲ್ಲೇ ನಿದ್ದೆ ಹೋದಳು, ಬಸ್ಸು ತಪ್ಪಿತು, ಅವಳು ಬಿಡಲಿಲ್ಲ. ಕೊನೆಗೆ ಪುಡಿ ಊದಿ ನನ್ನ ಕೈಗೆ ಕೊಟ್ಟಳು. ಮದುವೆಯಾದ ಮೇಲೆ ಎಲ್ಲ ಕಡೆ ಗಂಡನ ಹೆಸರು ಬರೆಯುತ್ತ ಬಂದವಳು, ಬುಡದಲ್ಲಿ ಹೀಗೆ ಕೊರೆದಿದ್ದಾಳೆ: ಹೊನ್ನೂರಮ್ಮ, ತಂದೆ ಗಾದಿಲಿಂಗಪ್ಪ, ಕುರುಗೋಡು.

ಇಂತಿ,
ಶಾರದಾ, ತಂದೆ ಮಾರೆಪ್ಪ, ಕೊಳಗಲ್ಲು